ಯಾವ ಮರ? ಎಷ್ಟು ಮೊಟ್ಟೆ? ಯಾರು ಹೇಳಿದ್ದು?

ರಾಮನಗರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ಕಿಟಕಿಯಾಚೆ ಬಂಡೆಬೆಟ್ಟ, ಈಚೆ ಒಂಬತ್ತನೇ ತರಗತಿ. ಕನ್ನಡ ಮೇಡಂ ಅವರ ಮೇಜಿನ ಮೇಲೆ ಪ್ರಬಂಧದ ನೋಟ್‌ಬುಕ್ಕುಗಳ ಅಟ್ಟಿ. ವಿಷಯ ‘ನಮ್ಮೂರು’. ಮೊದಲನೆಯದನ್ನು ತೆರೆಯುತ್ತಾರೆ: ‘ನಮ್ಮೂರು ಪ್ರಕೃತಿ ಸೌಂದರ್ಯದಿಂದ ಕೂಡಿದ ಸುಂದರವಾದ ಊರು.’ ಎರಡನೆಯದು: ‘ನಮ್ಮೂರು ತುಂಬಾ ಸುಂದರವಾದ ಊರು.’ ಮೂರನೆಯದು: ‘ನಮ್ಮೂರಿನಲ್ಲಿ ಎಲ್ಲರೂ ಅನ್ಯೋನ್ಯವಾಗಿ ಬಾಳುತ್ತಿದ್ದಾರೆ. ಮುಖ್ಯ ಕಸುಬು ವ್ಯವಸಾಯ.’ ಊರಿನ ಹೆಸರೊಂದನ್ನು ಅಳಿಸಿಬಿಟ್ಟರೆ ಈ ಪ್ರಬಂಧಗಳನ್ನು ಬೀದರಿಗೂ ಕಳಿಸಬಹುದು, ಬೆಳ್ತಂಗಡಿಗೂ ಕಳಿಸಬಹುದು.

ಮೇಡಂ ನೋಟ್‌ಬುಕ್ ಮುಚ್ಚಿ ಮೂರನೇ ಬೆಂಚಿನ ಹುಡುಗನ ಕಡೆ ತಿರುಗುತ್ತಾರೆ.

“ನಿನ್ನೆ ಯಾಕೋ ಬರ್ಲಿಲ್ಲ?”

“ಮನೇಲಿ ಹುಳ ಹಣ್ಣಾಗಿದ್ವು ಮಿಸ್. ಚಂದ್ರಿಕೆಗೆ ಬಿಡ್ಬೇಕಿತ್ತು. ಅಪ್ಪಂಗೆ ಆಳು ಸಿಕ್ಕಿರ್ಲಿಲ್ಲ.”

“ಎಷ್ಟು ಮೊಟ್ಟೆ ಮೇಯಿಸಿದ್ರಿ?”

“ನೂರೈವತ್ತು ಮಿಸ್. ನಾಕ್ನೇ ಜ್ವರ ಎದ್ಮೇಲೆ ಒಂದ್ ಕಡೆ ಸಪ್ಪೆರೋಗ ಕಾಣಿಸ್ಕೊಂತು. ಅವ್ವ ಆರಿಸಿ ಆಚೆ ಹಾಕುದ್ಲು.”

ಮೇಡಂ ಅವನು ಹೇಳಿದ್ದನ್ನು ಒಂದಕ್ಷರವೂ ಬಿಡದೆ ಕರಿಹಲಗೆಯ ಮೇಲೆ ಬರೆಯುತ್ತಾರೆ. ಪಕ್ಕದಲ್ಲೇ ಅವನ ನೋಟ್‌ಬುಕ್ಕಿನ ಸಾಲನ್ನೂ ಬರೆಯುತ್ತಾರೆ: ‘ನಮ್ಮೂರಿನಲ್ಲಿ ರೇಷ್ಮೆ ಬೆಳೆಯನ್ನು ಚೆನ್ನಾಗಿ ಬೆಳೆಯುತ್ತಾರೆ.’ ಎರಡನ್ನೂ ಓದಿಸುತ್ತಾರೆ. ತರಗತಿ ನಗುತ್ತದೆ. ಹುಡುಗನಿಗೆ ನಾಚಿಕೆ, ಜೊತೆಗೆ ಒಂದಿಷ್ಟು ಹೆಮ್ಮೆ. ಯಾಕೆಂದರೆ ಬಾಯಲ್ಲಿ ಆಡಿದ ಮಾತು ಅವನ ಮನೆಯದು. ನೋಟ್‌ಬುಕ್ಕಿನ ಸಾಲು ಯಾರದೂ ಅಲ್ಲ.

ಈ ಸೀಮೆಯ ಮಕ್ಕಳಿಗೆ ಖಚಿತವಾದ ಮಾತು ಗೊತ್ತಿಲ್ಲ ಎನ್ನುವುದು ಸುಳ್ಳು. ಹುಳುಮನೆ, ಕಡಚಲು, ಕಲ್ಲಿನ ಕ್ವಾರಿ, ಬಾಳೆತೋಟಗಳ ನಡುವೆ ಬೆಳೆದವರು ಅವರು. ಒಂದು ಪದ ತಪ್ಪಿದರೆ ಅಲ್ಲಿ ಬೆಳೆ ತಪ್ಪುತ್ತದೆ, ದರ ತಪ್ಪುತ್ತದೆ. ಆ ಪದಗಳು ಶಾಲೆಯ ಗೇಟಿನವರೆಗೆ ಬಂದು ಅಲ್ಲೇ ನಿಲ್ಲುತ್ತವೆ. ಒಳಗೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಮೂರು ಖಾನೆಗಳಿವೆ. ಅವನ್ನು ತುಂಬುವುದಕ್ಕೆ ಗೈಡಿನ ಸಾಲುಗಳಿವೆ. ಎಸ್ಸೆಸ್ಸೆಲ್ಸಿ ಪ್ರಥಮ ಭಾಷೆಯ 125 ಅಂಕಗಳಲ್ಲಿ 100 ಲಿಖಿತ ಪರೀಕ್ಷೆಯದು. ಪ್ರಬಂಧ, ಪತ್ರ, ಗಾದೆ ವಿಸ್ತರಣೆ ಎಲ್ಲವೂ ಅದರೊಳಗೆ ಬರುತ್ತವೆ. ಯಾವ ಗಾದೆ ಕೊಟ್ಟರೂ ಉತ್ತರ ಶುರುವಾಗುವುದು ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂದೇ. ಅಂಕವೂ ಬರುತ್ತದೆ. ಅಂಕ ಬಂದ ಮೇಲೆ ಸಾಲು ಬದಲಾಯಿಸುವವರು ಯಾರು?

ಆದರೂ ಬದಲಾಯಿಸಲು ಕೂತ ಮೇಷ್ಟ್ರುಗಳಿದ್ದಾರೆ. ಅವರ ಉಪಾಯ ಬಲು ಸರಳ. ಹೊಸ ಪದ ಕಲಿಸುವ ಮೊದಲು ಮನೆಯ ಪದವನ್ನು ಒಳಗೆ ಕರೆಯುವುದು, ಕರೆದ ಮೇಲೆ ಅದನ್ನು ಪ್ರಶ್ನೆ ಕೇಳುವುದು.

ಗೂಡಿನ ಲೆಕ್ಕ

ರಾಮನಗರದ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆಗೆ ಬೆಳಿಗ್ಗೆ ಹೋಗಬೇಕು. ಟೆಂಪೊ, ಆಟೊ, ಬೈಕುಗಳಿಂದ ಗೂಡಿನ ಚೀಲಗಳು ಇಳಿಯುತ್ತಿರುತ್ತವೆ. ನೆರೆಯ ಆಂಧ್ರ, ತಮಿಳುನಾಡಿನಿಂದ ಬಂದ ರೈತರೂ ಇರುತ್ತಾರೆ. ಬಿಳಿಯ ದ್ವಿತಳಿ ಗೂಡು ಒಂದು ಕಡೆ, ಹಳದಿಯ ಮಿಶ್ರತಳಿ ಇನ್ನೊಂದು ಕಡೆ. ಪ್ರತಿ ಲಾಟಿಗೂ ನಂಬರು. ಗೂಡಿನಿಂದ ನೂಲು ತೆಗೆಯುವ ರೀಲರ್ ಬಂದು ಒಂದು ಹಿಡಿ ಎತ್ತಿ ಬೆರಳಲ್ಲಿ ಒತ್ತಿ ನೋಡುತ್ತಾನೆ. ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ಆಮೇಲೆ ಮೊಬೈಲಿನಲ್ಲಿ ಹರಾಜು ಕೂಗುತ್ತಾನೆ. ‘ಚೆನ್ನಾಗಿದೆ’ ಎಂಬ ಮಾತಿಗೆ ಇಲ್ಲಿ ಬೆಲೆ ಇಲ್ಲ. ಜೋಡಿ ಗೂಡು ಎಷ್ಟಿವೆ, ಕಲೆ ಬಿದ್ದದ್ದು ಎಷ್ಟು, ತೆಳುವಾದದ್ದು ಎಷ್ಟು, ರೆಂಡಿಟ್ಟಾ ಎಷ್ಟು ಬಂದೀತು ಎಂದೇ ಎಲ್ಲರ ಲೆಕ್ಕ. ಒಂದು ಕಿಲೊ ನೂಲು ತೆಗೆಯಲು ಎಷ್ಟು ಕಿಲೊ ಗೂಡು ಬೇಕು ಎಂಬ ಅಳತೆಯೇ ರೆಂಡಿಟ್ಟಾ. ಆ ಸಂಖ್ಯೆ ಒಂದು ಹೆಚ್ಚಾದರೆ ರೀಲರಿಗೆ ನಷ್ಟ.

ಮೇಡಂ ಕೊಟ್ಟ ಕೆಲಸ ಇಷ್ಟು: ಅಪ್ಪನ ಜೊತೆ ಮಾರುಕಟ್ಟೆಗೆ ಹೋದವರು ಐದು ವಾಕ್ಯ ಬರೆದು ತರಬೇಕು. ಸುಂದರ, ಅದ್ಭುತ, ತುಂಬಾ, ಅನೇಕ ಎಂಬ ನಾಲ್ಕು ಪದಗಳಿಗೆ ಈ ವಾರ ರಜೆ. ಮೊದಲು ಬಂದ ವಾಕ್ಯ ‘ಮಾರುಕಟ್ಟೆಯಲ್ಲಿ ಜಾಸ್ತಿ ಜನ ಇದ್ದರು.’ ಮೇಡಂ ಕೆಂಪು ಶಾಯಿಯಲ್ಲಿ ಬರೆದದ್ದು ‘ಜಾಸ್ತಿ ಅಂತ ಹೇಗೆ ಗೊತ್ತಾಯಿತು?’ ಹುಡುಗಿ ತಿದ್ದಿ ತಂದಳು: ‘ತೂಕಕ್ಕೆ ನಿಂತವರ ಸಾಲು ಕಾಂಪೌಂಡಿನವರೆಗೆ ಬೆಳೆದಿತ್ತು. ಗೂಡು ಬಿಸಿಯಾಗಬಾರದೆಂದು ಅಪ್ಪ ಚೀಲದ ಬಾಯಿ ಬಿಚ್ಚಿ ಕೈಯಾಡಿಸುತ್ತಿದ್ದರು.’ ಜನಜಂಗುಳಿಯೂ ಬಂತು, ಅಪ್ಪನ ಆತಂಕವೂ ಬಂತು. ಆತಂಕ ಎಂಬ ಪದ ಮಾತ್ರ ಬರಲಿಲ್ಲ.

ಆದರೆ ಮನೆಯ ಪದವನ್ನು ಹಾಗೇ ಬರೆದುಬಿಟ್ಟರೆ ಮುಗಿಯಲಿಲ್ಲ. ಹುಡುಗನ ‘ನೂರೈವತ್ತು ಮೊಟ್ಟೆ’ಯನ್ನೇ ನೋಡಿ. ಹುಳು ಮೇಯಿಸುವವರ ಬಾಯಲ್ಲಿ ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ ಇಡೀ ಕಂತು. ಅದರಲ್ಲಿ ಸುಮಾರು ನಾನ್ನೂರು ಐನೂರು ಮೊಟ್ಟೆಗಳಿರುತ್ತವೆ. ನೂರೈವತ್ತು ಮೊಟ್ಟೆ ಎಂದರೆ ಮನೆಯೊಳಗೆ ಅರವತ್ತು ಎಪ್ಪತ್ತು ಸಾವಿರ ಹುಳುಗಳು ಸೊಪ್ಪು ಮೇಯುತ್ತಿವೆ ಎಂದರ್ಥ. ಧಾರವಾಡದ ಓದುಗನಿಗೆ ಇದು ಹೇಗೆ ಗೊತ್ತಾಗಬೇಕು? ‘ಜ್ವರ’ವೂ ಹಾಗೆಯೇ. ಹುಳು ಪೊರೆ ಬಿಡಲು ಮೇವು ನಿಲ್ಲಿಸಿ ಸುಮ್ಮನೆ ಕೂರುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ಅದು ಕಾಯಿಲೆಯಲ್ಲ. ಗೂಡು ಕಟ್ಟುವ ಮೊದಲು ನಾಲ್ಕು ಸಲ ಜ್ವರಕ್ಕೆ ಕೂತು ಏಳಬೇಕು. ಹಾಲುತೊಂಡೆ, ಸಪ್ಪೆರೋಗ, ಸುಣ್ಣಕಟ್ಟು, ಗಂಟುರೋಗ ಮಾತ್ರ ನಿಜವಾದ ಕಾಯಿಲೆಗಳು. ಆದ್ದರಿಂದ ಮೇಡಂ ಅವರ ಎರಡನೇ ಪಾಠ ಹೀಗಿದೆ: ಮನೆಯ ಪದ ಬರೆ, ಪಕ್ಕದ ವಾಕ್ಯದಲ್ಲಿ ಹುಳು ಕಾಣದವನಿಗೂ ಅದು ತಿಳಿಯುವ ಹಾಗೆ ಮಾಡು. ‘ಐತೆ’ಯನ್ನು ‘ಇದೆ’ ಎಂದು ತಿದ್ದಿಕೋ, ಅಡ್ಡಿಯಿಲ್ಲ. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವ ‘ಚಂದ್ರಿಕೆ’ಯನ್ನು ಮಾತ್ರ ‘ಉಪಕರಣ’ ಮಾಡಬೇಡ.

ಇದೇ ಊರಿನ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಧಾಮವಾಯಿತು. ನೋಟ್‌ಬುಕ್ಕುಗಳಲ್ಲಿ ಅದು ಸಲೀಸಾಗಿ ‘ಹದ್ದುಗಳ ಧಾಮ’ ಆಗುತ್ತದೆ. ಹದ್ದು ಊರ ಮೇಲೆಲ್ಲ ಸುತ್ತುವ ಹಕ್ಕಿ, ಅದಕ್ಕೆ ಧಾಮ ಯಾಕೆ ಬೇಕು? ಅಳಿವಿನಂಚಿಗೆ ಬಂದು ಈ ಬಂಡೆಯ ಸಂದುಗಳಲ್ಲಿ ಗೂಡು ಕಟ್ಟುವುದು ಉದ್ದ ಕೊಕ್ಕಿನ ರಣಹದ್ದು. ಎರಡಕ್ಷರ ಬಿಟ್ಟರೆ ಬೆಟ್ಟವನ್ನು ಕಾಯುವ ಕಾರಣವೇ ಬಿಟ್ಟುಹೋಗುತ್ತದೆ.

ಕಡೆದದ್ದೋ, ಕೆತ್ತಿದ್ದೋ?

ಚನ್ನಪಟ್ಟಣದಲ್ಲಿ ಬೆಂಗಳೂರು–ಮೈಸೂರು ಹಳೇ ರಸ್ತೆಯ ಗೊಂಬೆ ಅಂಗಡಿಗಳನ್ನು ದಾಟಿ ಒಳಬೀದಿಗೆ ಹೊಕ್ಕರೆ ಯಂತ್ರದ ಸದ್ದು ಕೇಳುತ್ತದೆ. ನೆಲದ ತುಂಬ ಮರದ ಸಿಪ್ಪೆ, ಗಾಳಿಯಲ್ಲಿ ಬಿಸಿ ಅರಗಿನ ವಾಸನೆ. ಅಲ್ಲಿನ ಶಾಲೆಯೊಂದರ ಎಂಟನೇ ತರಗತಿಯ ಮಕ್ಕಳು ಬಾಗಿಲಲ್ಲಿ ನಿಂತು ನೋಡುತ್ತಾರೆ. ಕೆಲವರಿಗೆ ಇದು ಸ್ವಂತ ಮನೆ. ಮನೆಮಾತು ಕೆಲವರದು ಕನ್ನಡ, ಕೆಲವರದು ಉರ್ದು.

ಮರಳಿ ಬಂದು ಬರೆದದ್ದು: ‘ಮರವನ್ನು ಕೆತ್ತಿ, ಬಣ್ಣ ಹಚ್ಚಿ ಗೊಂಬೆಗಳನ್ನು ತಯಾರಿಸುತ್ತಾರೆ.’ ವ್ಯಾಕರಣದಲ್ಲಿ ತಪ್ಪಿಲ್ಲ, ವಿಷಯದಲ್ಲಿ ಮೂರು ತಪ್ಪು. ಮೇಷ್ಟ್ರು ಒಂದೊಂದನ್ನೇ ಹಿಡಿದು ಕೇಳುತ್ತಾರೆ.

“ಯಾವ ಮರ?”

“ಆಲೆ ಮರ ಸಾರ್.”

“ಯಾಕೆ ಅದೇ?”

“ಮೆತ್ತಗಿರ್ತದೆ, ಬಿಳೀಗಿರ್ತದೆ. ಒಣಗಿಸಿದ್ರೆ ಸೀಳಲ್ಲ ಅಂತಾರೆ ನಮ್ಮಪ್ಪ.”

“ಕೆತ್ತಿದ್ರಾ?”

ಮೌನ. ಹಿಂದಿನ ಬೆಂಚಿನಿಂದ ಒಬ್ಬ ಹೇಳುತ್ತಾನೆ: “ಇಲ್ಲ ಸಾರ್. ಮರ ತಿರುಗ್ತಿತ್ತು, ಉಳಿ ಒಂದೇ ಕಡೆ ಹಿಡ್ಕೊಂಡಿದ್ರು.” ಅದೇ ಕಡೆಯುವುದು, ಆ ಕೆಲಸವೇ ಕಡಚಲು. ಕೆತ್ತುವಾಗ ಮರ ನಿಂತಿರುತ್ತದೆ, ಉಳಿ ಓಡಾಡುತ್ತದೆ. ಕಡೆಯುವಾಗ ಮರ ಸುತ್ತುತ್ತದೆ, ಉಳಿ ಅದಕ್ಕೆ ತಾಗಿ ನಿಲ್ಲುತ್ತದೆ. ಈ ಊರಿನ ಬುಗುರಿ, ಗಿಲಕಿ, ಉಂಗುರಗಳೆಲ್ಲ ದುಂಡಗಿರುವುದು ಈ ಕಾರಣಕ್ಕೆ. ಸರಿಯಾದ ಕ್ರಿಯಾಪದವನ್ನು ಹಾಕಿದೊಡನೆ ಗೊಂಬೆಯ ಆಕಾರಕ್ಕೂ ಕಾರಣ ಸಿಕ್ಕಿತು.

“ಬಣ್ಣ ಹಚ್ಚಿದ್ದು ಯಾವುದರಲ್ಲಿ?” ಎಂಬ ಪ್ರಶ್ನೆ ಉಳಿದಿದೆ. ಬ್ರಷ್ ಇರಲಿಲ್ಲ ಎಂದು ಎಲ್ಲರಿಗೂ ಈಗ ನೆನಪಾಗುತ್ತದೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಆಮೇಲೆ ತಾಳೆಗರಿ ಒತ್ತಿ ಹಿಡಿದರೆ ಹೊಳಪು ಬರುತ್ತದೆ. ‘ಬಣ್ಣ ಹಚ್ಚುತ್ತಾರೆ’ ಎಂದು ಓದಿದವನ ಕಣ್ಣಿಗೆ ಡಬ್ಬ, ಬ್ರಷ್ ಕಾಣುತ್ತವೆ. ಇಲ್ಲಿಲ್ಲದ ಎರಡು ವಸ್ತುಗಳನ್ನು ಒಂದು ಸೋಮಾರಿ ಕ್ರಿಯಾಪದ ತಂದು ಇಟ್ಟುಬಿಡುತ್ತದೆ.

ಚನ್ನಪಟ್ಟಣದ ಗೊಂಬೆಗೆ 2005–06ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತು. ಆ ಮಾನ್ಯತೆಗೆ ಅರ್ಜಿ ಹಾಕುವವರು ಯಾವ ಊರಿನದು, ಯಾವ ವಸ್ತುವಿನದು, ಯಾವ ಕ್ರಮದಲ್ಲಿ ತಯಾರಾಗುತ್ತದೆ ಎಂದೆಲ್ಲ ಬರೆದು ತೋರಿಸಬೇಕು. ‘ಸುಂದರವಾದ ಗೊಂಬೆ’ ಎಂಬ ಕಾರಣಕ್ಕೆ ಯಾವ ಕಚೇರಿಯೂ ಹೆಸರನ್ನು ಕಾಪಾಡುವುದಿಲ್ಲ. ಹೆಸರನ್ನು ಉಳಿಸಿದ್ದು ಹೀಗೆ ಬರೆದಿಟ್ಟ ವಿವರ. ಮೇಷ್ಟ್ರು ಇದನ್ನು ಹೇಳಿದಾಗ ಕಡಚಲಿನ ಮನೆಯ ಹುಡುಗರು ನೆಟ್ಟಗೆ ಕೂರುತ್ತಾರೆ.

ಸೋಮವಾರ ರಾತ್ರಿ ಎರಡು ಗಂಟೆ

ಕನಕಪುರದ ಕಡೆ ಪತ್ರಲೇಖನ ಬರೀ ಪರೀಕ್ಷೆಯ ಪ್ರಶ್ನೆಯಲ್ಲ. ಕಾವೇರಿ ವನ್ಯಜೀವಿಧಾಮ, ಬನ್ನೇರುಘಟ್ಟದ ಕಾಡುಗಳು ಈ ತಾಲ್ಲೂಕಿನ ಹೊಲಗಳಿಗೆ ಅಂಟಿಕೊಂಡಿವೆ. ಆನೆ ಬಂದ ಮರುದಿನ ಅರ್ಜಿ ಬರೆಯಬೇಕು. ಅದನ್ನು ಬರೆಯುವವರು ಎಷ್ಟೋ ಮನೆಗಳಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳೇ.

ತರಗತಿಯಲ್ಲಿ ಬರೆದ ಅರ್ಜಿ ವಲಯ ಅರಣ್ಯಾಧಿಕಾರಿಗಳಿಗೆ: ‘ನಮ್ಮ ಊರಿನಲ್ಲಿ ಆನೆಗಳ ಹಾವಳಿ ವಿಪರೀತವಾಗಿದ್ದು, ಅಪಾರ ಪ್ರಮಾಣದ ಬೆಳೆ ನಾಶವಾಗಿರುತ್ತದೆ. ಆದ್ದರಿಂದ ತಾವು ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ.’ ಮೇಷ್ಟ್ರು ಅಧಿಕಾರಿಯ ಕುರ್ಚಿಯಲ್ಲಿ ಕೂತವರಂತೆ ಕೇಳುತ್ತಾರೆ: “ಅಪಾರ ಅಂದ್ರೆ ಎಷ್ಟಪ್ಪ? ಯಾವ ಬೆಳೆ? ಸೂಕ್ತ ಕ್ರಮ ಅಂದ್ರೆ ನಿಂಗೆ ಬೇಲಿ ಬೇಕೋ, ಪರಿಹಾರ ಬೇಕೋ, ರಾತ್ರಿ ಕಾವಲಿನೋರು ಬೇಕೋ?”

ಅಳತೆ ಎಲ್ಲಿಂದ ತರುವುದು? ಅದೂ ಮನೆಯಲ್ಲೇ ಇದೆ. ಪಹಣಿಯಲ್ಲಿ ಸರ್ವೆ ನಂಬರು, ಎಕರೆ, ಗುಂಟೆ ಇವೆ. ಕ್ರಯಪತ್ರದಲ್ಲಿ ಚೆಕ್ಕುಬಂದಿ ಇದೆ: ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಸರ್ಕಾರಿ ಖರಾಬು. ನಾಲ್ಕು ದಿಕ್ಕಿನ ನಾಲ್ಕು ಮಾತಿನಲ್ಲಿ ಒಂದು ತುಂಡು ನೆಲವನ್ನು ಇನ್ನೆಲ್ಲಿಗೂ ಜಾರದಂತೆ ಕಟ್ಟಿಹಾಕುವ ಈ ಬರಹವನ್ನು ಯಾವ ಪಠ್ಯಪುಸ್ತಕವೂ ಗದ್ಯಪಾಠವಾಗಿ ಇಟ್ಟಂತಿಲ್ಲ. ಇಡಬೇಕಿತ್ತು. ಮೇಷ್ಟ್ರು ‘ನಿಮ್ಮ ಮನೆಗೆ ಚೆಕ್ಕುಬಂದಿ ಬರೆಯಿರಿ’ ಎಂದು ಕೆಲಸ ಕೊಡುತ್ತಾರೆ. ‘ದೇವಸ್ಥಾನದ ಹತ್ತಿರ ನಮ್ಮ ಮನೆ’ ಎನ್ನುತ್ತಿದ್ದ ಹುಡುಗಿಗೆ ಮನೆಯ ಬಾಗಿಲು ಯಾವ ದಿಕ್ಕಿಗಿದೆ ಎಂದು ಮೊದಲ ಸಲ ನೋಡಬೇಕಾಗುತ್ತದೆ.

ಅರ್ಜಿ ಹೊಸದಾಗಿ ಬರುತ್ತದೆ: ‘ಸೋಮವಾರ ರಾತ್ರಿ ಎರಡು ಗಂಟೆಗೆ ಮೂರು ಆನೆಗಳು ಹೊಲದ ಉತ್ತರಕ್ಕಿರುವ ಹಳ್ಳ ದಾಟಿ ಬಂದವು. ಹನ್ನೆರಡು ಗುಂಟೆ ಬಾಳೆಯಲ್ಲಿ ಗೊನೆ ಬಿಟ್ಟಿದ್ದ ನಲವತ್ತು ಗಿಡ ಮುರಿದಿವೆ. ಎರಡು ತೆಂಗಿನ ಸಸಿ ಕಿತ್ತಿವೆ. ಹೆಜ್ಜೆಗುರುತು ಇನ್ನೂ ಇದೆ. ಅದು ಅಳಿಸುವ ಮೊದಲು ಬಂದು ನೋಡಿ ಪರಿಹಾರಕ್ಕೆ ವರದಿ ಮಾಡಬೇಕು.’ ಓದಿ ಮುಗಿಸುವಷ್ಟರಲ್ಲಿ ಒಬ್ಬಳು ಕೈ ಎತ್ತುತ್ತಾಳೆ: “ಸಾರ್, ಸೋಮವಾರ ರಾತ್ರಿ ಎರಡು ಗಂಟೆ ಅಂದ್ರೆ ಮಂಗಳವಾರ ಬೆಳಗಿನ ಜಾವ ಅಲ್ವಾ?” ಪಾಠ ಗೆದ್ದದ್ದು ಆ ಪ್ರಶ್ನೆಯಲ್ಲಿ.

ವಿಳಾಸದ ಸಾಲಿಗೂ ಹೊಸ ಎಚ್ಚರ ಬೇಕಾಗಿದೆ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾದ ರಾಮನಗರ ಜಿಲ್ಲೆಗೆ ಸರ್ಕಾರ 2025ರಲ್ಲಿ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಟ್ಟಿದೆ. ಅದೇ ಹೆಸರಿನ ಲೋಕಸಭಾ ಕ್ಷೇತ್ರವೂ ಇದೆ, ತಾಲ್ಲೂಕೂ ಇದೆ. ಮುಂದೆ ‘ಜಿಲ್ಲೆ’ ಎಂದು ಬರೆಯದಿದ್ದರೆ ಪತ್ರ ದಾರಿ ತಪ್ಪೀತು. ಪ್ರವಾಸದ ಪ್ರಬಂಧದಲ್ಲೂ ಇಂಥದೇ ಇನ್ನೊಂದು ಕಲಸುಮೇಲೋಗರ ಇದೆ. ಅರ್ಕಾವತಿ ಕಾವೇರಿಯನ್ನು ಕೂಡುವುದು ಸಂಗಮದಲ್ಲಿ. ಕಾವೇರಿ ಬಂಡೆಗಳ ನಡುವಿನ ಇಕ್ಕಟ್ಟಿಗೆ ನುಗ್ಗುವ ಮೇಕೆದಾಟು ಅಲ್ಲಿಂದ ಸುಮಾರು ನಾಲ್ಕು ಕಿಲೊಮೀಟರ್ ಕೆಳಗಿದೆ. ನೋಟ್‌ಬುಕ್ಕಿನಲ್ಲಿ ಎರಡೂ ಒಂದೇ ಜಾಗ.

ಯಾವ ಕೆಂಪೇಗೌಡರು?

ಮಾಗಡಿಯ ತರಗತಿಯಲ್ಲಿ ಇತಿಹಾಸ ಕಿಟಕಿಯಿಂದಲೇ ಕಾಣುತ್ತದೆ. ಕೋಟೆ ಊರೊಳಗೇ ಇದೆ, ಸಾವನದುರ್ಗ ದೂರವಿಲ್ಲ. ‘ಕೆಂಪೇಗೌಡರು ಬೆಂಗಳೂರು ಕಟ್ಟಿದರು, ಮಾಗಡಿಯಿಂದ ಆಳಿದರು, ಸಾವನದುರ್ಗದಲ್ಲಿ ನಿಧಿ ಇಟ್ಟರು’ ಎಂದು ಒಂದೇ ಉಸಿರಿನಲ್ಲಿ ಬರೆಯುವ ಮಕ್ಕಳಿಗೆ ಇಲ್ಲಿನ ಮೇಡಂ ಮೊದಲು ಕೇಳುವುದು ‘ಯಾವ ಕೆಂಪೇಗೌಡರು?’ 1537ರಲ್ಲಿ ಬೆಂಗಳೂರು ಕಟ್ಟಿದವರು ಹಿರಿಯ ಕೆಂಪೇಗೌಡರು. ಬಿಜಾಪುರದ ರಣದುಲ್ಲಾ ಖಾನ್ 1638ರಲ್ಲಿ ಬೆಂಗಳೂರನ್ನು ಹಿಡಿದ ಮೇಲೆ ಮಾಗಡಿಯನ್ನು ನೆಲೆ ಮಾಡಿಕೊಂಡವರು ಅದೇ ವಂಶದ ಮುಂದಿನವರು. ನೂರು ವರ್ಷದ ಅಂತರ ಒಂದು ಹೆಸರಿನೊಳಗೆ ಮುಚ್ಚಿಹೋಗಿತ್ತು.

ಮೇಡಂ ಅವರ ಇನ್ನೊಂದು ಪ್ರಶ್ನೆ ‘ಯಾರು ಹೇಳಿದ್ದು?’ ಹಲಗೆಯನ್ನು ಮೂರು ಭಾಗ ಮಾಡುತ್ತಾರೆ. ನಾನು ಕಂಡದ್ದು, ದಾಖಲೆಯಲ್ಲಿರುವುದು, ಜನ ಹೇಳುವುದು. ಸಾವನದುರ್ಗದಲ್ಲಿ ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು ಗುಡ್ಡಗಳಿವೆ, ಇದು ಕಂಡದ್ದು. ಅದರ ಎತ್ತರ 1,226 ಮೀಟರ್, 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಕೋಟೆಯನ್ನು ಟಿಪ್ಪುವಿನ ಕಡೆಯವರಿಂದ ಕಿತ್ತುಕೊಂಡಿತು, ಇವು ದಾಖಲೆ. ನಿಧಿಯ ಕಥೆ ಮೂರನೇ ಭಾಗಕ್ಕೆ. ‘ಏಷ್ಯಾದಲ್ಲೇ ಅತಿ ದೊಡ್ಡ’ ಎಂಬ ಮಾತೂ ಮೂರನೇ ಭಾಗಕ್ಕೇ ಹೋಗುತ್ತದೆ. ಈ ಜಿಲ್ಲೆಯ ಮಕ್ಕಳು ಅದನ್ನು ಸಾವನದುರ್ಗದ ಬಂಡೆಗೂ ಬರೆಯುತ್ತಾರೆ, ರಾಮನಗರದ ಗೂಡಿನ ಮಾರುಕಟ್ಟೆಗೂ ಬರೆಯುತ್ತಾರೆ. ಕಥೆಯನ್ನು ಬಿಡಬೇಕೆಂದು ಮೇಡಂ ಹೇಳುವುದಿಲ್ಲ. ಕೊನೆಗೊಂದು ‘ಅಂತೆ’ ಇರಲಿ ಎನ್ನುತ್ತಾರೆ. ಕನ್ನಡದ ಅಜ್ಜಿಯರು ಕಥೆ ಹೇಳುವಾಗ ಎಂದೂ ಮರೆಯದ ಈ ಎರಡಕ್ಷರವನ್ನು ಶಾಲೆಯ ಬರಹ ಮರೆತಿದೆ. ಕೇಳಿದ್ದನ್ನು ಕಂಡ ಹಾಗೆ ಬರೆಯುವ ಚಾಳಿ ಶುರುವಾಗುವುದು ಅಲ್ಲಿಂದಲೇ. ಈಗ ಕೈಗೆ ಮೊಬೈಲು ಬಂದಿದೆ. ‘ಯಾರು ಹೇಳಿದ್ದು?’ ಎಂದು ಕೇಳುವ ಅಭ್ಯಾಸ ಪ್ರಬಂಧಕ್ಕಿಂತ ಬದುಕಿಗೇ ಹೆಚ್ಚು ಬೇಕಾಗಿದೆ.

ಚೀಟಿ ಬರೆಯುವ ಆಟ

ನಾಲ್ಕೂ ಊರಿನ ಮಕ್ಕಳು ಪ್ರವಾಸಕ್ಕೆ ಬರುವ ಜಾಗವೊಂದಿದೆ. ರಾಮನಗರದ ಹತ್ತಿರದ ಜಾನಪದ ಲೋಕ. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ಊರೂರು ಅಲೆದು ಸಂಗ್ರಹಿಸಿದ ವಸ್ತುಗಳು ಅಲ್ಲಿವೆ. ಕೂರಿಗೆ, ಕುಂಟೆ, ಒನಕೆ, ಬೀಸುಕಲ್ಲು, ಸೇರು, ಪಾವು, ಕೊಳಗ. ಸಾಲಾಗಿ ನಡೆದು ಬಿಸ್ಕತ್ತು ತಿಂದು ಹೊರಡುವ ಬದಲು ಒಂದು ಆಟ ಆಡಿಸಬಹುದು. ಒಂದು ವಸ್ತು ಆರಿಸಿಕೋ. ಅದರ ಹೆಸರು, ಯಾವುದರಿಂದ ಮಾಡಿದ್ದು, ಯಾರು ಯಾವ ಕೆಲಸಕ್ಕೆ ಬಳಸುತ್ತಿದ್ದರು ಎಂದು ಇಪ್ಪತ್ತೈದು ಪದದ ಚೀಟಿ ಬರೆ. ‘ನಮ್ಮ ಪೂರ್ವಜರ ಹೆಮ್ಮೆಯ ಸಂಸ್ಕೃತಿ’ ಎಂದು ಬರೆಯುವುದಕ್ಕೆ ಜಾಗವೇ ಉಳಿಯಬಾರದು.

ಹೀಗೆ ಬರೆದರೆ ಬರಹ ಒಣಗುತ್ತದೆ, ರಸ ಹೋಗುತ್ತದೆ ಎನ್ನುವವರಿಗೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ತೋರಿಸಬೇಕು. ಸಸ್ಯವಿಜ್ಞಾನದ ಮೇಷ್ಟ್ರೊಬ್ಬರು ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದ ಕಥೆ ಅದು. ಗಿಡದ ಎಲೆ, ಹೂವು, ಕಾಯಿಗಳ ಖಚಿತ ವಿವರವೂ ಹುಡುಗರ ತುಂಟತನವೂ ಒಂದೇ ಪುಟದಲ್ಲಿವೆ. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಓದುಗರ ಪದಸಂಶಯಗಳನ್ನು ‘ಇಗೋ ಕನ್ನಡ’ ಅಂಕಣದಲ್ಲಿ ವರ್ಷಗಟ್ಟಲೆ ಬಿಡಿಸಿದ ಜಿ. ವೆಂಕಟಸುಬ್ಬಯ್ಯನವರಿಗೆ ಪ್ರಶ್ನೆ ಕಳಿಸಿದವರೂ ಪಂಡಿತರಷ್ಟೇ ಅಲ್ಲ, ಸಾಮಾನ್ಯ ಓದುಗರು. ಸರಿಯಾದ ಪದಕ್ಕೆ ಕನ್ನಡಿಗರಲ್ಲಿ ಹಸಿವು ಇದ್ದೇ ಇದೆ.

ಆದ್ದರಿಂದ ಮೇಷ್ಟ್ರುಗಳಲ್ಲಿ ಒಂದು ಮನವಿ. ನೋಟ್‌ಬುಕ್ ತಿದ್ದುವಾಗ ‘ಉತ್ತಮ’, ‘ಪರವಾಗಿಲ್ಲ’ ಎಂದು ಬರೆಯುವ ಜಾಗದಲ್ಲಿ ಒಂದು ಪ್ರಶ್ನೆ ಬರೆಯಿರಿ. ಯಾವುದು, ಎಷ್ಟು, ಎಲ್ಲಿ, ಹೇಗೆ, ಯಾರು ಹೇಳಿದ್ದು, ಈ ಐದರಲ್ಲಿ ಒಂದು ಸಾಕು. ಮೌಲ್ಯಮಾಪನಕ್ಕೆ ಕೂರುವವರು ಮನೆಯ ಪದ ಬರೆದ ಮಗುವಿನ ಅಂಕ ಕಡಿಯದಿರಿ. ಗೈಡಿನ ಸಾಲಿಗೆ ಕೊಡುವುದಕ್ಕಿಂತ ಅರ್ಧ ಅಂಕ ಹೆಚ್ಚೇ ಕೊಡಿ. ಇದಕ್ಕೆ ಹೊಸ ಪಠ್ಯಪುಸ್ತಕ ಬೇಕಿಲ್ಲ, ಅನುದಾನ ಬೇಕಿಲ್ಲ, ಇಲಾಖೆಯ ಸುತ್ತೋಲೆಗೆ ಕಾಯಬೇಕಿಲ್ಲ. ಪದಗಳು ಮಕ್ಕಳ ಹತ್ತಿರ ಇವೆ. ಕೇಳುವವರು ಬೇಕು, ಅಷ್ಟೇ.